ಬರ್ಮಾ ಕತ್ತಿಗೆ ಕಮಲಾತಾಳ್ ಸುತ್ತಿದ ಹಿಡಿ

ಅಮಾವಾಸ್ಯೆ ಬಂತೆಂದರೆ ಕಮಲಾತಾಳ್ ಮನೆಯಲ್ಲಿ ಮೊದಲ ಸ್ನಾನ ಕತ್ತಿಗೆ. ಗಂಡ, ಮಕ್ಕಳು, ಕಡೆಗೆ ಮನೆದೇವರು ಕೂಡ ಆಮೇಲೆ. ಹಂಡೆಯ ನೀರು ಕಾದದ್ದೇ ತಡ, ಪೂಜೆಯ ಮೂಲೆಯಿಂದ ಆ ಉದ್ದನೆಯ ಕತ್ತಿಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಬಚ್ಚಲ ಕಲ್ಲಿನ ಮೇಲೆ ಮಲಗಿಸುತ್ತಿದ್ದಳು. ಹಿಡಿಯ ಬುಡದ ಹಿತ್ತಾಳೆಯ ಬಳೆಗೆ ಹುಣಸೆಹಣ್ಣು, ಅಲಗಿಗೆ ಬೂದಿ, ಹಿಡಿಗೆ ಸೀಗೆಪುಡಿ, ಅದರ ಮೇಲೆ ಹೊಗೆಯಾಡುವ ಬಿಸಿನೀರು. ಒರೆಸಿದ ಮೇಲೆ ಎಳ್ಳೆಣ್ಣೆ, ಎಣ್ಣೆಯ ಮೇಲೆ ಅರಿಸಿನ, ಗಂಧ, ಕುಂಕುಮ. ಇಷ್ಟೆಲ್ಲ ಮುಗಿಯುವ ಹೊತ್ತಿಗೆ ಅದು ಕತ್ತಿಯೋ ಮದುಮಗನೋ ಎಂದು ಅನುಮಾನ ಬರುತ್ತಿತ್ತು.

"ಮದ್ವೆಯಾಗಿ ಇಷ್ಟ್ ವರ್ಸ ಆಯ್ತು, ನನ್ ತಲೆಗೆ ಒಂದಿನ ಇಂಗೆ ಎಣ್ಣೆ ತಿಕ್ಕಿದ್ದೀಯಾ?" ಎಂದು ಗಂಡ ರಾಮಸಾಮಿ ಬಚ್ಚಲ ಬಾಗಿಲಲ್ಲಿ ನಿಂತು ಕೇಳುವುದು ವಾಡಿಕೆ.

"ನೀವು ನನ್ನ ಹೊತ್ಕೊಂಡು ಬೆಟ್ಟ ದಾಟಿಸಿದ್ರೆ ತಿಕ್ತಿದ್ದೆ," ಎಂದು ಅವಳು ಅನ್ನುವುದೂ ವಾಡಿಕೆ. ರಾಮಸಾಮಿ ಆ ಮನೆಗೆ ಮನೆಅಳಿಯನಾಗಿ ಬಂದವನು. ಹೆಂಡತಿಯ ಜೊತೆ ಆ ಕತ್ತಿಯನ್ನೂ ಕಟ್ಟಿಕೊಂಡಿದ್ದೇನೆಂದು ಅವನಿಗೆ ಮೊದಲನೇ ಅಮಾವಾಸ್ಯೆಗೇ ಗೊತ್ತಾಗಿತ್ತು.

ಅವರದು ಸಿರುಮುಗೈ ಹತ್ತಿರ, ಭವಾನಿ ಹೊಳೆಗೆ ಅಂಟಿಕೊಂಡ ಊರು. ಬಾಳೆ, ಅರಿಸಿನ ಬೆಳೆಯುವ ಮನೆತನ. ಮನೆಯೊಳಗೆ ಕನ್ನಡ, ಹೊಸಲು ದಾಟಿದರೆ ತಮಿಳು. ಕಮಲಾತಾಳಿಗೆ ಎರಡರ ಅಕ್ಷರವೂ ಬಾರದು, ಎರಡರ ಮಾತೂ ಧಾರಾಳ. ಅವಳ ಕೈ ಸುಮ್ಮನೆ ಇದ್ದದ್ದನ್ನು ಊರಲ್ಲಿ ಯಾರೂ ಕಂಡಿಲ್ಲ. ಹರಟೆಗೆ ಕೂತರೂ ಕತ್ತಾಳೆ ನಾರು ಹೊಸೆಯುತ್ತಲೋ ತಾಳೆಗರಿಯ ಬುಟ್ಟಿ ಹೆಣೆಯುತ್ತಲೋ ಇರುತ್ತಿದ್ದಳು. ಉಪಕಾರ ಮಾಡಿದವರನ್ನು ಮರೆಯುವುದು ಅವಳಿಗೆ ಒಗ್ಗಿಬಂದ ವಿದ್ಯೆಯಲ್ಲ. ಬಸ್ಸಿನ ಕಂಡಕ್ಟರ್ ಚೀಲ ಎತ್ತಿ ಕೊಟ್ಟರೆ ಅವನ ಹೆಂಡತಿ ಮಕ್ಕಳನ್ನೆಲ್ಲ ಹರಸಿಯೇ ಇಳಿಯುತ್ತಿದ್ದಳು, ಅಷ್ಟು ಹೊತ್ತೂ ಬಸ್ಸು ನಿಂತೇ ಇರಬೇಕು.

ಅಂಥವಳು ಕತ್ತಿಯನ್ನು ಹೀಗೆ ಮುದ್ದಿಸುವುದಕ್ಕೆ ಕಾರಣವಿತ್ತು. ಅವಳ ಅಪ್ಪ ಸೆಲ್ಲಪ್ಪನ್ ಹರೆಯದಲ್ಲಿ ಬರ್ಮಾಕ್ಕೆ ಹೋಗಿ, ಪ್ರೋಮ್ ಊರಿನ ಹತ್ತಿರ ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸಕ್ಕಿದ್ದವನು. ಜಪಾನಿನವರ ಬಾಂಬು ಬಿದ್ದ ವರ್ಷ ಎಲ್ಲರಂತೆ ಅವನೂ ಹೆಂಡತಿ ಕಾಳಿಯಮ್ಮನನ್ನೂ ಪುಟ್ಟ ಮಗಳನ್ನೂ ಕರೆದುಕೊಂಡು ನಡೆದೇ ಹೊರಟ. ಅರಕಾನ್ ಬೆಟ್ಟ ಹತ್ತುವ ಮೊದಲೇ ಕಾಳಿಯಮ್ಮ ವಾಂತಿಭೇದಿಗೆ ಹೋಗಿಬಿಟ್ಟಳು. ಹೆಂಡತಿಯನ್ನು ದಾರಿಯ ಪಕ್ಕ ಮಣ್ಣುಮಾಡಿ, ಮಗಳನ್ನು ಹೊತ್ತು ನಡೆದ ಸೆಲ್ಲಪ್ಪನ್ ಅರ್ಧ ಬೆಟ್ಟದಲ್ಲಿ ಕುಸಿದು ಕೂತ. ಆಗ ಬಂದವನು ಬೆಟ್ಟದ ಹಳ್ಳಿಯ ಒಬ್ಬ ರೈತ. ಹೆಸರು ಗೊತ್ತಿಲ್ಲ, ಮಾತು ತಿಳಿಯಲಿಲ್ಲ. ಎಲೆಯಲ್ಲಿ ಕಟ್ಟಿದ ಅನ್ನ ಕೊಟ್ಟ, ಮಗಳನ್ನು ತನ್ನ ಬೆನ್ನಿಗೆ ಹಾಕಿಕೊಂಡ, ಇಬ್ಬರನ್ನೂ ಸಮುದ್ರದ ಕಡೆಯ ಇಳಿಜಾರಿನವರೆಗೆ ಕರೆತಂದ. ಅಪ್ಪ ತನ್ನ ಬೆಳ್ಳಿಯ ಉಡಿದಾರ ಬಿಚ್ಚಿ ಕೊಡಹೋದರೆ ಅದನ್ನು ಮುಟ್ಟಲಿಲ್ಲ. ಬದಲಿಗೆ, ಮುಂದಿನ ದಾರಿ ಕೆಟ್ಟದ್ದೆಂದು ಕೈಸನ್ನೆ ಮಾಡಿ, ಹೆಗಲಿಗೆ ತೂಗಿದ್ದ ತನ್ನ ಕತ್ತಿಯನ್ನೇ ತೆಗೆದು ಅಪ್ಪನ ಹೆಗಲಿಗೆ ಹಾಕಿ ವಾಪಸು ಬೆಟ್ಟ ಹತ್ತಿದ. ಅಲ್ಲಿಂದ ದೋಣಿ, ದೋಣಿಯಿಂದ ಚಿತ್ತಗಾಂಗ್, ಅಲ್ಲಿ ಜ್ವರ ಹಿಡಿದು ಅಪ್ಪ ಮಗಳು ತಿಂಗಳುಗಟ್ಟಲೆ ಮಲಗಿದ್ದು, ಆಮೇಲೆ ಊರು.

ಕಮಲಾತಾಳಿಗೆ ಆ ಮನುಷ್ಯನ ಮುಖ ನೆನಪಿಲ್ಲ. ನೆನಪಿರುವುದು ಹಿಡಿ ಮಾತ್ರ. ಅವನ ಬೆನ್ನ ಮೇಲೆ ಕೂತಾಗ ಕತ್ತಿಯ ಹಿಡಿ ಅವಳ ಮುಖದ ಪಕ್ಕಕ್ಕೇ ಬರುತ್ತಿತ್ತು. ಇಳಿಜಾರಿನಲ್ಲಿ ಬಿದ್ದುಹೋಗುತ್ತೇನೆಂಬ ಭಯಕ್ಕೆ ಅವಳು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಸೀಳಿದ ಬೆತ್ತದ ಎಳೆಗಳನ್ನು ಒತ್ತಾಗಿ ಹೆಣೆದು, ಮೇಲೆ ಕಪ್ಪು ಮೆರುಗು ಕೊಟ್ಟ ಹಿಡಿ. ಹೆಣಿಗೆಯ ಏರುತಗ್ಗು ಅವಳ ಅಂಗೈಗೆ ಬಾಯಿಪಾಠ. ಅಪ್ಪ ತೀರಿಕೊಂಡ ಮೇಲೆ ಆ ಹಿಡಿಗೆ ಎಣ್ಣೆ ತಿಕ್ಕುವುದೊಂದೇ ಅವಳಿಗೆ ತಿಳಿದ ಕೃತಜ್ಞತೆಯಾಗಿತ್ತು.

ಎಂಬತ್ತಮೂರನೆಯ ಇಸವಿಯ ಆವಣಿ ತಿಂಗಳ ಅಮಾವಾಸ್ಯೆಯ ದಿನ ಬಚ್ಚಲಲ್ಲಿ ಕತ್ತಿಯ ಹಿಡಿ ಕಳಚಿ ಅವಳ ಕೈಯಲ್ಲೇ ಉಳಿಯಿತು. ಅಲಗು ಕಲ್ಲಿನ ಮೇಲೆ ಠಣ್ಣೆಂದು ಬಿತ್ತು. ಹಿಡಿಯೊಳಗೆ ಸಿಕ್ಕಿಸುವ ಕಬ್ಬಿಣದ ಬಾಲ ತುಕ್ಕು ಹಿಡಿದು ಬರಿಮೈಯಲ್ಲಿ ನಿಂತಿತ್ತು. ಹಿಡಿಯ ಬೆತ್ತ ಎಳೆ ಎಳೆಯಾಗಿ ಬಿಟ್ಟುಕೊಂಡು, ಒತ್ತಿದರೆ ಪುಡಿಯಾಗುತ್ತಿತ್ತು. ಕಮಲಾತಾಳ್ ಕೂಗಿದ ಕೂಗಿಗೆ ರಾಮಸಾಮಿ ಬಾಳೆತೋಟದಿಂದ ಓಡಿ ಬಂದ. ಕೈ ಕೊಯ್ದುಕೊಂಡಳೆಂದೇ ಅವನು ತಿಳಿದಿದ್ದ.

ಸುದ್ದಿ ಪಕ್ಕದ ಮನೆಯ ಚಿಕ್ಕಪ್ಪನಿಗೆ ಮುಟ್ಟಿತು. ಸೆಲ್ಲಪ್ಪನ್ನನ ತಮ್ಮ ಚಿನ್ನಸಾಮಿ ಮನೆತನಕ್ಕೆ ಈಗ ಹಿರಿಯ, ಹಬ್ಬದ ಪೂಜೆಯೆಲ್ಲ ಅವರದೇ ಕೈಯಲ್ಲಿ. ಶಾಸ್ತ್ರದ ಮನುಷ್ಯ. ಪಂಚಾಂಗ ಕೇಳದೆ ಮೊಳೆ ಕೂಡ ಹೊಡೆಯುವವರಲ್ಲ. ಕತ್ತಿಯನ್ನು ಬಗ್ಗಿ ನೋಡಿ, ಮುಟ್ಟದೆ ಎದ್ದರು.

"ಮುರಿದ ಆಯುಧಕ್ಕೆ ಪೂಜೆ ಇಲ್ಲ ಕಮಲಾ. ಒಡೆದ ಸಾಮಿ, ಮುರಿದ ಆಯುಧ, ಎರಡೂ ಮನೇಲಿ ಇರಬಾರ್ದು. ಬರೋ ಮಾಳಯ ಅಮಾಸೆಗೆ ಎಂಗೂ ಹಿರಿಯರಿಗೆ ನೀರು ಬಿಡಕ್ಕೆ ಹೊಳೆಗೆ ಓಗ್ತೀವಿ. ಅವತ್ತೇ ಬವಾನಿಗೆ ಬಿಟ್ಬುಡಣ."

"ಚಿಕ್ಕಪ್ಪ, ರಿಪೇರಿ ಮಾಡಿಸ್ತೀನಿ."

"ಸಾಮಿ ಮುರಿದ್ರೆ ರಿಪೇರಿ ಮಾಡ್ತಾರಾ? ಬುಡು."

ಹಿರಿಯರ ಮಾತಿಗೆ ಎದುರಾಡುವುದು ಆ ಮನೆಯಲ್ಲಿ ಇರಲಿಲ್ಲ. ಕಮಲಾತಾಳ್ ಕತ್ತಿಯನ್ನೂ ಹಿಡಿಯನ್ನೂ ಒಂದು ಹಳೆಯ ಸೀರೆಯಲ್ಲಿ ಸುತ್ತಿಟ್ಟು ಅಡಿಗೆಮನೆಗೆ ಹೋದಳು. ಅವತ್ತಿನ ಸಾರಿಗೆ ಉಪ್ಪು ಬೀಳಲಿಲ್ಲ, ಅದನ್ನು ಹೇಳುವ ಧೈರ್ಯವೂ ಯಾರಿಗೂ ಬರಲಿಲ್ಲ. ಬೆಟ್ಟದಲ್ಲಿ ತನ್ನನ್ನು ಬೀಳದಂತೆ ಹಿಡಿದಿದ್ದ ವಸ್ತುವನ್ನು ತಾನೇ ಹೊಳೆಯಲ್ಲಿ ಬಿಡಬೇಕೆಂಬುದು ಅವಳಿಗೆ ನುಂಗಲಾರದ ತುತ್ತಾಗಿತ್ತು.

ದಾರಿ ತೋರಿಸಿದವನು ರಾಮಸಾಮಿ. ಮೊದಲು ಊರಿನ ಕಮ್ಮಾರನನ್ನು ಕೇಳಿದರು. ಅವನು ಜಾಲಿಮರದ ಹೊಸ ಹಿಡಿ ಹಾಕಿ, ಬಾಲಕ್ಕೆ ತೂತು ಕೊರೆದು ಮೊಳೆ ಹೊಡೆಯುತ್ತೇನೆಂದ. ನಮ್ಮ ಕಡೆಯ ಕತ್ತಿ ಕುಡುಗೋಲಿಗೆಲ್ಲ ಹಾಗೆಯೇ ಮಾಡುವುದು, ತಪ್ಪೇನಲ್ಲ. ಆದರೆ ಕಮಲಾತಾಳ್ ಮೊಳೆಯ ಮಾತು ಕೇಳಿದ್ದೇ ಕತ್ತಿಯನ್ನು ಎದೆಗವಚಿಕೊಂಡು ಎದ್ದು ಬಂದಳು. ಆಗ ರಾಮಸಾಮಿಗೆ ನೆನಪಾದದ್ದು ಕೊಯಮತ್ತೂರಿನ ಉಕ್ಕಡಂ. ಬಾಳೆಗೊನೆ ಇಳಿಸಲು ಹೋದಾಗಲೆಲ್ಲ ಅವನು ಅಲ್ಲಿ ಬೆತ್ತದ ಕುರ್ಚಿ ಹೆಣೆಯುವ ಒಂದು ಅಂಗಡಿಯ ಮುಂದೆ ಟೀ ಕುಡಿಯುತ್ತಿದ್ದ.

"ಕತ್ತಿ ಗೊತ್ತಿಲ್ದೆ ಇರ್ಬೋದು, ಬೆತ್ತ ಗೊತ್ತಿರತ್ತಲ್ಲ," ಎಂದ. ಕಮಲಾತಾಳ್ ಗಂಡನ ಮುಖವನ್ನೇ ನೋಡಿದಳು. ಇವನಿಗೆ ಇಷ್ಟು ಬುದ್ಧಿ ಇದೆಯೆಂದು ಮೊದಲೇ ಗೊತ್ತಿದ್ದರೆ ತಲೆಗೆ ಎಣ್ಣೆ ತಿಕ್ಕುತ್ತಿದ್ದಳೇನೋ.

ಅಂಗಡಿಯವನ ಹೆಸರು ದೇವರಾಜನ್. ಅರೆನರೆತ ಗಡ್ಡ, ಬೆರಳ ತುದಿಗಳೆಲ್ಲ ಗಟ್ಟಿಗಟ್ಟಿ. ಕತ್ತಿ ಸುತ್ತಿದ್ದ ಸೀರೆಯ ಗಂಟು ಬಿಚ್ಚುತ್ತಿದ್ದಂತೆ ಉದ್ದನೆಯ ಅಲಗು ಕಂಡು ಒಂದು ಹೆಜ್ಜೆ ಹಿಂದೆ ಸರಿದ. ಕಮಲಾತಾಳ್ ತಮಿಳಿನಲ್ಲಿ ಎಲ್ಲ ಕಥೆ ಹೇಳಿದಳು. ಅವಳ ಕಥೆ ಮುಗಿಯುವ ಹೊತ್ತಿಗೆ ಅವನು ಹಿಡಿಯನ್ನು ಕೈಗೆತ್ತಿಕೊಂಡು ಮೂಸಿ ನೋಡಿ, ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದ.

"ಇದಕ್ಕೆ ನೀರು ಹಾಕುತ್ತಿದ್ದಿರಾ?"

"ಪ್ರತಿ ಅಮಾವಾಸ್ಯೆಗೂ. ಬಿಸಿನೀರು, ಸೀಗೆಪುಡಿ," ಎಂದಳು ಕಮಲಾತಾಳ್, ಹೆಮ್ಮೆಯಿಂದಲೇ.

ದೇವರಾಜನ್ ಹಿಡಿಯ ತೂತಿಗೆ ಬೆರಳಿಟ್ಟು ತೋರಿಸಿ ಮೆಲ್ಲಗೆ ಹೇಳಿದ. ಕತ್ತಿಯ ಬಾಲವನ್ನು ಹಿಡಿಯೊಳಗೆ ನಿಲ್ಲಿಸಿದ್ದು ಅರಗು. ಬಿಸಿನೀರು ಬಿದ್ದಾಗಲೆಲ್ಲ ಅರಗು ಮೆತ್ತಗಾಗಿ ಸಡಿಲಗೊಂಡಿದೆ. ಬೆತ್ತ ನೀರು ಕುಡಿದು ಉಬ್ಬಿ, ಒಣಗಿ ಕುಗ್ಗಿ, ಕಡೆಗೆ ಸುಸ್ತಾಗಿದೆ. ಬೆತ್ತಕ್ಕೆ ನೀರು ಬೇಕಾದದ್ದು ಒಂದೇ ಸಲ, ಸುತ್ತುವಾಗ. ಆಮೇಲೆ ಒಣಬಟ್ಟೆಯೇ ಸಾಕು.

ಕಮಲಾತಾಳ್ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕಾಲ ಅಲ್ಲ, ತುಕ್ಕಲ್ಲ, ತನ್ನ ಕೈಯ ಪ್ರೀತಿಯೇ ಅದನ್ನು ತಿಂದು ಹಾಕಿತ್ತು. ಇಷ್ಟು ವರ್ಷ ಉಪಕಾರ ಸ್ಮರಿಸುತ್ತೇನೆಂದು ತಿಕ್ಕಿ ತಿಕ್ಕಿ ಕೊಂದೆನಲ್ಲ ಎಂದು ಕಣ್ಣಲ್ಲಿ ನೀರು ತುಂಬಿತು. ದೇವರಾಜನ್ ಗಾಬರಿಯಾಗಿ ಟೀ ತರಿಸಿದ. "ಪರವಾಯಿಲ್ಲೆಂಗಮ್ಮಾ, ಮಗುವಿಗೆ ಜಾಸ್ತಿ ಉಣ್ಣಿಸಿದ ಹಾಗೆ ಆಗಿದೆ ಅಷ್ಟೆ," ಎಂದ. ಆ ಮಾತು ಅವಳಿಗೆ ಎಷ್ಟು ಹಿಡಿಸಿತೆಂದರೆ ಅಳುವನ್ನು ಅಲ್ಲಿಗೇ ನಿಲ್ಲಿಸಿ ಟೀ ಕುಡಿದಳು.

ಮೇಲಿನ ಬೆತ್ತ ಉಳಿಯುವ ಹಾಗಿರಲಿಲ್ಲ. ಅದನ್ನು ಬಿಚ್ಚಲೇಬೇಕು. ಅವಳ ಅಂಗೈ ಗುರುತಿಟ್ಟುಕೊಂಡಿದ್ದ ಹೆಣಿಗೆ ದೇವರಾಜನ್ನನ ಚಾಕುವಿನ ತುದಿಗೆ ಒಣಹುಲ್ಲಿನಂತೆ ಉದುರುತ್ತಿತ್ತು. ಕಮಲಾತಾಳ್ ಉದುರಿದ್ದನ್ನೆಲ್ಲ ಸೆರಗಿನಲ್ಲಿ ಹಿಡಿದಳು. ಇದ್ದಕ್ಕಿದ್ದಂತೆ ದೇವರಾಜನ್ನನ ಕೈ ನಿಂತಿತು. ಬೆತ್ತದ ಕೆಳಗೆ ಮರ ಇರಬೇಕಿತ್ತು. ಅಲ್ಲಿದ್ದದ್ದು ದಾರ. ಕೆಂಪು ಬಣ್ಣ ಮಾಸಿದ ಹತ್ತಿಯ ಹುರಿ, ಒತ್ತೊತ್ತಾಗಿ ಸುತ್ತಿದ್ದು, ಬೆರಳು ಕೂರುವ ಕಡೆ ಸವೆದಿತ್ತು. ಹುರಿಯ ಒಂದು ತುದಿಯನ್ನು ಜೋಪಾನವಾಗಿ ಎತ್ತಿ ನೋಡಿದ. ಅದರ ಕೆಳಗೆ ಮತ್ತೆ ಬೆತ್ತ, ಅಗಲ ಎಳೆಯದು, ಬೇರೆಯೇ ಹೆಣಿಗೆ. ಅದೂ ಸವೆದು ನುಣ್ಣಗಾಗಿತ್ತು. ಅದರ ಕೆಳಗೆ ಬಿದಿರಿನ ಬುಡದ ಗಟ್ಟಿ ಮರ.

"ಮೂರು ಸಲ ಸುತ್ತಿದ್ದಾರೆ," ಎಂದ ದೇವರಾಜನ್. "ಮೂರೂ ಬೇರೆ ಬೇರೆ ಕೈ. ಇದು ಸವೆದು ಬಿಟ್ಟುಹೋದಾಗ ಅದರ ಮೇಲೇ ಇನ್ನೊಂದು. ಅದೂ ಹೋದಾಗ ಮತ್ತೊಂದು." ಒಳಗಿನ ಗಂಟನ್ನು ಬೆರಳಿನಿಂದ ಸವರಿ ನಕ್ಕ. "ಅಮ್ಮಾ, ಇದು ಕಡೈ ವೇಲೆ ಇಲ್ಲೆಂಗ. ವೀಟು ವೇಲೆ." ಅಂಗಡಿಯ ಕೆಲಸವಲ್ಲ, ಮನೆಯವರ ಕೈಕೆಲಸ ಎಂದು ಅವನ ಮಾತು. ಕುಶಲಗಾರನಾಗಿದ್ದರೆ ಗಂಟನ್ನು ಹೀಗೆ ಕಾಣುವಂತೆ ಬಿಡುತ್ತಿರಲಿಲ್ಲವಂತೆ.

ಕಮಲಾತಾಳ್ ಆ ಒಳಗಿನ ಗಂಟನ್ನು ನೋಡುತ್ತಾ ಕೂತಳು. ಆ ರೈತನ ಅಪ್ಪ ಕಟ್ಟಿದ್ದೋ, ಅಜ್ಜ ಕಟ್ಟಿದ್ದೋ. ಬೆಟ್ಟದ ಯಾವುದೋ ಮನೆಯ ಜಗಲಿಯಲ್ಲಿ ಯಾರೋ ಕೂತು, ಮುರಿದುಹೋದ ಇದೇ ಹಿಡಿಯನ್ನು ತೊಡೆಯ ಮೇಲಿಟ್ಟುಕೊಂಡು ಸುತ್ತಿದ್ದಾರೆ. ಮೊದಲನೆಯ ಸಲ ಅವಳಿಗೆ ಆ ಮನುಷ್ಯನಿಗೊಂದು ಮನೆ ಇತ್ತೆಂಬುದು ಹೊಳೆಯಿತು.

"ಒಳಗಿನ ಎರಡೂ ಗಟ್ಟಿಯಾಗಿವೆ, ನೀರು ಅಷ್ಟು ಒಳಗೆ ಹೋಗಿಲ್ಲ. ಅವು ಹಾಗೇ ಇರಲಿ. ಮೇಲಿನದನ್ನು ಮಾತ್ರ ನಾನು ಹೊಸದಾಗಿ ಸುತ್ತುತ್ತೇನೆ," ಎಂದ ದೇವರಾಜನ್.

"ನೀವು ಬೇಡ. ನಂಗೆ ಹೇಳಿಕೊಡಿ, ನಾನು ಸುತ್ತುತ್ತೇನೆ," ಎಂದಳು ಕಮಲಾತಾಳ್.

ರಾಮಸಾಮಿ ಅಯ್ಯೋ ಎಂದು ಹಣೆ ಮುಟ್ಟಿಕೊಂಡ. ಬಾಳೆಗೊನೆ ಇಳಿಸಿ ಸಂಜೆಗೆ ಮನೆ ಸೇರುವ ಅವನ ಲೆಕ್ಕ ಅಲ್ಲಿಗೆ ಮುಗಿಯಿತು. ಮರುದಿನದಿಂದ ಕಮಲಾತಾಳ್ ಬೆಳಗಿನ ಬಸ್ಸಿಗೆ ಉಕ್ಕಡಂಗೆ ಹೋಗಿ ಸಂಜೆಯ ಬಸ್ಸಿಗೆ ಬರತೊಡಗಿದಳು. ದೇವರಾಜನ್ ಅವಳಿಗೆ ಬೆತ್ತ ಸೀಳುವುದನ್ನು, ಒಳಗಿನ ತಿರುಳು ಹೆರೆದು ತೆಗೆಯುವುದನ್ನು, ನೆನೆಹಾಕುವುದನ್ನು ತೋರಿಸಿದ. ನೆನೆದ ಬೆತ್ತವನ್ನು ಹಸಿಯಿದ್ದಾಗಲೇ ಬಿಗಿಯಾಗಿ ಸುತ್ತಬೇಕು, ಒಣಗುತ್ತಾ ಅದು ತಾನೇ ಇನ್ನಷ್ಟು ಬಿಗಿದುಕೊಳ್ಳುತ್ತದೆ. ನಾರು ಹೊಸೆದ ಕೈಗೆ ಕೆಲಸ ಬೇಗ ಹತ್ತಿತು, ಆದರೆ ಬೆತ್ತದ ಅಂಚು ಬೆರಳು ಸೀಳುವುದನ್ನು ಬಿಡಲಿಲ್ಲ. ಹಳೆಯ ಹೆಣಿಗೆ ಹೇಗಿತ್ತೆಂದು ದೇವರಾಜನ್ ಉದುರಿದ ಚೂರುಗಳನ್ನು ಜೋಡಿಸಿ ನೋಡಿದ, ತಿಳಿಯಲಿಲ್ಲ. ಕಮಲಾತಾಳ್ ಕಣ್ಣು ಮುಚ್ಚಿ ಅಂಗೈಯನ್ನು ಮಡಚಿ ಬಿಚ್ಚಿ ನೆನಪು ಮಾಡಿಕೊಂಡಳು. ಎರಡು ಎಳೆಯ ಮೇಲೆ ಹೋಗಿ ಒಂದರ ಕೆಳಗೆ ನುಗ್ಗಬೇಕು, ತುದಿಯಲ್ಲಿ ಉಬ್ಬಿದ ಉಂಗುರ ಬರಬೇಕು. ಸುತ್ತಿದಳು, ಹಿಡಿದು ನೋಡಿದಳು, ಅಲ್ಲ ಎಂದು ಬಿಚ್ಚಿದಳು. ಹಾಗೆ ಎಷ್ಟು ಸಲ ಬಿಚ್ಚಿದಳೆಂದು ರಾಮಸಾಮಿಯನ್ನು ಕೇಳಬೇಕು, ಮನೆಯಲ್ಲಿ ಅನ್ನ ಬೇಯಿಸುತ್ತಿದ್ದವನು ಅವನು.

ಕಡೆಗೆ ಒಂದು ಮಧ್ಯಾಹ್ನ ಹಿಡಿ ಅವಳ ಅಂಗೈಗೆ ಒಪ್ಪಿತು. ದೇವರಾಜನ್ ಅರಗಿಗೆ ಇಟ್ಟಿಗೆಪುಡಿ ಬೆರೆಸಿ ಕರಗಿಸಿ ಹಿಡಿಯ ತೂತಿಗೆ ತುಂಬಿ, ಅಲಗಿನ ಬಾಲವನ್ನು ಕಾಯಿಸಿ ಒತ್ತಿ ಕೂರಿಸಿದ. ಬರ್ಮಾದ ಕಪ್ಪು ಮೆರುಗು ಇಲ್ಲಿ ಎಲ್ಲಿ ಸಿಗಬೇಕು? ಕುರ್ಚಿಗೆ ಹಚ್ಚುವ ಪಾಲಿಷ್‌ಗೇ ದೀಪದ ಕಪ್ಪು ಕಲಸಿ ಬಳಿದ. ಹೊರಡುವಾಗ ಕಮಲಾತಾಳ್ ಅವನಿಗೆ, ಅವನ ಉಳಿಗೆ, ಕಡೆಗೆ ಬೆತ್ತ ನೆನೆಹಾಕಿದ ತೊಟ್ಟಿಗೂ ಕೈಮುಗಿದಳು. ದೇವರಾಜನ್ ನಾಚಿ ಗಡ್ಡ ಕೆರೆದುಕೊಂಡ.

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಚಿನ್ನಸಾಮಿ ಚಿಕ್ಕಪ್ಪ ಮಡಿಯುಟ್ಟು, ಎಳ್ಳಿನ ಪೊಟ್ಟಣ ಹಿಡಿದು, ಕತ್ತಿಯನ್ನು ಹೊಳೆಗೆ ಒಯ್ಯಲು ಬಂದರು. ಕಮಲಾತಾಳ್ ಕತ್ತಿಯನ್ನು ತಂದು ಅಂಗಳದ ಮಣೆಯ ಮೇಲಿಟ್ಟಳು. ಹೊಸ ಹಿಡಿ ನೋಡಿ ಚಿಕ್ಕಪ್ಪನ ಹುಬ್ಬು ಗಂಟಾಯಿತು.

"ನಾನು ಏನು ಯೋಳಿದ್ದೆ?"

"ಯೋಳಿದ್ರಿ ಚಿಕ್ಕಪ್ಪ. ನಾನು ಎದುರಾಡಕ್ಕಿಲ್ಲ. ಒಂದೇ ಮಾತು ಕೇಳಿ, ಆಮೇಲೆ ನೀವೇ ಹೊಳೆಗೆ ಬುಡಿ." ಅವಳು ಹಿಡಿಯ ಮೇಲೆ ಕೈಯಿಟ್ಟಳು. "ಈ ಕತ್ತಿ ನಮ್ಮನೇಲಿ ಮೊದ್ಲು ಮುರಿದದ್ದಲ್ಲ. ಅವ್ರ ಮನೇಲೇ ಎರಡು ಸಲ ಹಿಡಿ ಓಗಿತ್ತು. ಒಳಗೆ ನೋಡ್ಕೊಂಡು ಬಂದೆ. ಎರಡು ಸಲಾನೂ ಅವ್ರು ಹೊಳೆಗೆ ಬುಡ್ಲಿಲ್ಲ, ಕೂತು ಸುತ್ತವ್ರೆ. ಬುಟ್ಟಿದ್ರೆ ಆ ಬೆಟ್ಟದಲ್ಲಿ ಅಪ್ಪನ ಕೈಗೆ ಏನು ಸಿಕ್ತಿತ್ತು?"

ಚಿಕ್ಕಪ್ಪ ಕತ್ತಿಯನ್ನು ಮತ್ತೊಮ್ಮೆ ನೋಡಿದರು. ಆಮೇಲೆ ದೃಷ್ಟಿಗೆಂದು ಹೊಸಲ ಪಕ್ಕ ಇಟ್ಟಿದ್ದ ಬೂದುಗುಂಬಳಕಾಯಿಯನ್ನು ತರಲು ಹೇಳಿದರು.

"ಪೂಜೆಗೆ ಕೂರೋ ಆಯುಧ ಕೆಲಸಕ್ಕೆ ಆಗ್ಬೇಕು. ಇದು ಒಂದೇ ಏಟಿಗೆ ಕಾಯಿ ಕಡೀಲಿ. ಹಿಡಿ ಆಡ್ತೋ, ಮಾತಿಲ್ಲ, ಹೊಳೆಗೆ."

ಕಮಲಾತಾಳ್ ಕೈಮುಗಿದು ನಿಂತಳು. ಮುದುಕರು ಪಂಚೆ ಎತ್ತಿ ಕಟ್ಟಿ, ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿದರು. ಅವರಿಗೆ ಎಪ್ಪತ್ತು ದಾಟಿದ್ದರೂ ಕಬ್ಬು ಕಡಿದ ತೋಳು. ಕುಂಬಳಕಾಯಿ ಎರಡು ಹೋಳಾಗಿ, ಅಲಗು ಕೆಳಗಿನ ಮಣೆಗೆ ಕಚ್ಚಿ ನಿಂತಿತು. ಮಣೆಯಿಂದ ಬಿಡಿಸಲು ಚಿಕ್ಕಪ್ಪ ಅಲ್ಲಾಡಿಸಿ ಅಲ್ಲಾಡಿಸಿ ಎಳೆದರು. ಕತ್ತಿ ಹಿಡಿಯ ಸಮೇತ ಕೈಗೆ ಬಂತು. ಹಿಡಿಯನ್ನು ತಿರುಗಿಸಿ, ಒತ್ತಿ, ಬೆರಳಿನಿಂದ ಗಂಟು ಹುಡುಕಿದರು. ಸಿಕ್ಕಿತು. ಕಮಲಾತಾಳ್ ಅದನ್ನು ಬೇಕೆಂದೇ ಕಾಣುವಂತೆ ಬಿಟ್ಟಿದ್ದಳು.

"ನೀನೇ ಸುತ್ತಿದ್ದಾ?"

"ಹೂಂ ಚಿಕ್ಕಪ್ಪ."

ಅವರು ಕತ್ತಿಯನ್ನು ಒಣಬಟ್ಟೆಯಲ್ಲಿ ಒರೆಸಿ ತಾವೇ ಪೂಜೆಯ ಮೂಲೆಗೆ ಒಯ್ದು ಇಟ್ಟು ಬಂದರು. ಕಮಲಾತಾಳ್ ಅಂಗಳದಲ್ಲೇ ಬಗ್ಗಿ ಅವರ ಕಾಲು ಮುಟ್ಟಿದಳು. ಅವಳಿಗೆ ಅಷ್ಟು ಸಂತೋಷ ತನ್ನ ಮದುವೆಯ ದಿನವೂ ಆಗಿರಲಿಲ್ಲವೆಂದು ಆಮೇಲೆ ಗಂಡನಿಗೇ ಹೇಳಿದಳು.

ಎಲ್ಲರೂ ಕತ್ತಿಯಿಲ್ಲದೆ ಹೊಳೆಗೆ ಹೋದರು. ಭವಾನಿ ಕೆಂಪಗೆ ತುಂಬಿ ಹರಿಯುತ್ತಿತ್ತು. ಚಿಕ್ಕಪ್ಪ ಮೊಣಕಾಲುದ್ದ ನೀರಿನಲ್ಲಿ ನಿಂತು, ಅಪ್ಪ, ಅಮ್ಮ, ಅಜ್ಜ, ಅಜ್ಜಿ ಎಂದು ಒಬ್ಬೊಬ್ಬರ ಹೆಸರು ಹೇಳಿ ಎಳ್ಳು ನೀರು ಬಿಟ್ಟರು. ಅಣ್ಣ ಸೆಲ್ಲಪ್ಪನ್ನನ ಹೆಸರಿಗೆ ಬಿಟ್ಟರು. ಬರ್ಮಾದ ದಾರಿಯಲ್ಲಿ ಮಣ್ಣಾದ ಅತ್ತಿಗೆ ಕಾಳಿಯಮ್ಮನ ಹೆಸರಿಗೆ ಬಿಟ್ಟರು. ಅಲ್ಲಿಗೆ ಮುಗಿಯಬೇಕಿತ್ತು. ಅವರು ದಡ ಹತ್ತಲಿಲ್ಲ. ಮತ್ತೆ ಅಂಗೈ ತುಂಬ ನೀರು ತೆಗೆದುಕೊಂಡು, ಕಮಲಾತಾಳ್ ಕಡೆ ತಿರುಗಿದರು.

"ಅವನ ಹೆಸರೇನು?"

"ಗೊತ್ತಿಲ್ಲ ಚಿಕ್ಕಪ್ಪ. ಅಪ್ಪಂಗೂ ಗೊತ್ತಿರ್ಲಿಲ್ಲ."

"ಸೆರಿ. ನಮ್ಮಣ್ಣನ್ನ ದಾಟಿಸಿದೋನು ನಂಗೂ ಅಣ್ಣನೇ," ಎಂದು ನೀರಿಗೆ ಎಳ್ಳು ಹಾಕಲು ಹೋದವರು ತಡೆದು ನಿಂತರು. ಪೊಟ್ಟಣವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅಂಗೈಗೆ ಅಂಟಿದ್ದ ಎಳ್ಳನ್ನು ಹೊಳೆಯಲ್ಲಿ ತೊಳೆದು, ಒಂದು ಕಾಳೂ ಉಳಿದಿಲ್ಲವೆಂದು ಬೆರಳ ಸಂದಿಗಳನ್ನು ನೋಡಿಕೊಂಡರು.

"ಬರ್ಮಾದಲ್ಲಿ ಎಲ್ರೂ ಸತ್ರು ಅಂತ ಆ ವರ್ಸ ಯಾರೋ ಅಂದ್ರು. ನಾನು ಇಲ್ಲೇ ನಿಂತು ನಿಮ್ಮಪ್ಪಂಗೆ, ನಿಂಗೆ ಎಳ್ಳು ಬುಟ್ಟೆ ಕಮಲಾ. ಪೊಂಗಲ್ ಒತ್ತಿಗೆ ನಿಮ್ಮಪ್ಪ ನಿನ್ನ ಎಗಲ ಮೇಲೆ ಕೂರಿಸ್ಕೊಂಡು ಬಂದು ಬಾಗ್ಲಲ್ಲಿ ನಿಂತ. ಬದುಕಿರೋನ ಎಸ್ರಿಗೆ ಎಳ್ಳು ಬುಟ್ಟ ಪಾಪಿ ನಾನು. ಇನ್ನೊಂದು ಸಲ ಅಂಗೆ ಮಾಡಕ್ಕಿಲ್ಲ." ಅವರು ಮತ್ತೆ ಬೊಗಸೆ ತುಂಬ ನೀರು ತೆಗೆದುಕೊಂಡರು. "ಎಲ್ಲೋ ಬದುಕೌನೆ ಅಂದ್ಕೊಳ್ಳಣ. ಎಳ್ಳು ಬೇಡ. ಬರೀ ನೀರು ಸಾಕು."

ಕಮಲಾತಾಳ್ ಸೀರೆ ನೆನೆಯುವುದನ್ನೂ ಲೆಕ್ಕಿಸದೆ ನೀರಿಗಿಳಿದು ಅವರ ಪಕ್ಕದಲ್ಲಿ ನಿಂತಳು. ಇಬ್ಬರೂ ಸೂರ್ಯ ಹುಟ್ಟುವ ಕಡೆ, ಬರ್ಮಾ ಇರುವ ಕಡೆ ತಿರುಗಿ, ಬೊಗಸೆಯ ನೀರನ್ನು ಬಿಟ್ಟರು. "ಚೆನ್ನಾಗಿರು ಅಣ್ಣ," ಎಂದರು ಚಿಕ್ಕಪ್ಪ.